ಒಂದು ಬೂದಿಗುಡ್ಡ, ಎರಡು ಕಥೆ

ಹಂಪಿಯ ಮಗ್ಗುಲಲ್ಲಿ ನಿಂಬಾಪುರ ಅಂತ ಒಂದು ಊರು. ಅಲ್ಲೊಂದು ಬೂದಿಯ ದಿಬ್ಬ ಇದೆ. ವಾಲಿಯನ್ನು ಸುಟ್ಟ ಜಾಗ ಅದು, ಅವನ ಚಿತೆಯ ಬೂದಿ ಇನ್ನೂ ಹಾಗೇ ಉಳಿದಿದೆ ಎಂದು ಸುತ್ತಲ ಊರವರು ಹೇಳುತ್ತಾರೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಸಿಗುವ ಕುಡತಿನಿಯ ಹತ್ತಿರವೂ ಇಂಥದ್ದೇ ಬೂದಿಗುಡ್ಡ. ಪುರಾತತ್ವದವರ ಮಾತು ಬೇರೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ದನ ಕಾಯುತ್ತಿದ್ದ ನವಶಿಲಾಯುಗದ ಜನ, ದೊಡ್ಡಿಯಲ್ಲಿ ಕೂಡಿಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಟ್ಟಿದ್ದರಿಂದ ಆದ ರಾಶಿ ಅದು. ಆ ಬೆಂಕಿಯ ಕಾವಿಗೆ ಬೂದಿ ಅಲ್ಲಲ್ಲಿ ಕರಗಿ ಗಾಜಿನಂಥ ಕಿಟ್ಟವಾಗಿದೆ. ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ 1957ರಲ್ಲಿ ಇಂಥದ್ದೇ ಗುಡ್ಡವನ್ನು ಅಗೆದಾಗ ಬೂದಿಯ ಪದರದಲ್ಲಿ ದನಗಳ ಗೊರಸಿನ ಅಚ್ಚು ಸಿಕ್ಕಿತು.

ಈ ಎರಡು ಕಥೆಗಳಲ್ಲಿ ಒಂದನ್ನು ನಂಬಿ ಇನ್ನೊಂದನ್ನು ಬಿಸಾಕಬೇಕು ಅಂತ ನಮಗೆ ಶಾಲೆಯಲ್ಲಿ ಕಲಿಸುತ್ತಾರೆ. ಓದುಗನಾಗಿ ನನಗೆ ಇವೆರಡೂ ಬೇಕು. ಇಷ್ಟೊಂದು ಬೂದಿ ಎಲ್ಲಿಂದ ಬಂತು ಎಂಬ ಒಂದೇ ಪ್ರಶ್ನೆಗೆ ಎರಡೂ ಉತ್ತರ ಹುಡುಕುತ್ತವೆ. ಮಾಯಾಲೋಕದ ಕಥೆ ಒಬ್ಬ ದೈತ್ಯ ಬಲಶಾಲಿಯನ್ನು ತಂದು ಅದಕ್ಕೆ ತಕ್ಕ ಚಿತೆ ಕಟ್ಟುತ್ತದೆ. ವಿಜ್ಞಾನದ ಕಥೆ ದನ, ಸಗಣಿ, ಬೆಂಕಿ, ಕಾಲ ಇವಿಷ್ಟನ್ನೇ ಇಟ್ಟುಕೊಂಡು ಗುಣಾಕಾರ ಮಾಡುತ್ತದೆ. ಫ್ಯಾಂಟಸಿ ಕಾದಂಬರಿ ಮತ್ತು ವೈಜ್ಞಾನಿಕ ಕಾದಂಬರಿಯ ನಡುವಿನ ವ್ಯತ್ಯಾಸ ನನ್ನ ಪ್ರಕಾರ ಇಷ್ಟೇ. ಎರಡನ್ನೂ ಓದುವಾಗ ಮಾಡಬೇಕಾದ ಕೆಲಸ ಮಾತ್ರ ಒಂದೇ: ಲೆಕ್ಕ ಕೇಳುವುದು. ಮಕ್ಕಳ ಪುಸ್ತಕ ಅಂತ ಇವನ್ನು ಪಕ್ಕಕ್ಕಿಡುವವರು ಸಾಮಾನ್ಯವಾಗಿ ಈ ಲೆಕ್ಕವನ್ನು ಕೇಳದೇ ಓದಿದವರು.

ಫ್ಯಾಂಟಸಿಯಲ್ಲಿ ಲೆಕ್ಕ ಎಂಥದು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೂ ಉತ್ತರ ಕಿಷ್ಕಿಂಧೆಯಲ್ಲೇ ಇದೆ. ನಮ್ಮ ಜನ ಹೇಳುವ ಕಥೆಯಲ್ಲಿ ವಾಲಿಗೆ ಒಂದು ವರ: ಎದುರು ನಿಂತು ಹೋರಾಡುವವನ ಅರ್ಧ ಬಲ ಅವನಿಗೇ ಬಂದುಬಿಡುತ್ತದೆ. ಅವನಿಗೆ ಒಂದು ಶಾಪವೂ ಇದೆ: ಮತಂಗ ಋಷಿಯ ಬೆಟ್ಟಕ್ಕೆ ಕಾಲಿಟ್ಟರೆ ಸಾವು. ಈ ಎರಡು ನಿಯಮ ಇಟ್ಟ ಮೇಲೆ ಕಥೆ ತಾನಾಗೇ ನಡೆಯುತ್ತದೆ. ಸುಗ್ರೀವ ಎಲ್ಲಿ ಅಡಗಬೇಕು? ವಾಲಿ ಬರಲಾಗದ ಆ ಒಂದೇ ಬೆಟ್ಟದ ಮೇಲೆ. ರಾಮ ಬಾಣ ಎಲ್ಲಿಂದ ಬಿಡಬೇಕು? ಎದುರಿನಿಂದಂತೂ ಅಲ್ಲ, ಮರದ ಮರೆಯಿಂದ. ಆಮೇಲೆ ಸಾಯುತ್ತಿರುವ ವಾಲಿ ಕೇಳುವ ಧರ್ಮದ ಪ್ರಶ್ನೆ ಹುಟ್ಟುವುದೂ ಈ ನಿಯಮಗಳಿಂದಲೇ. ಆನೆಗೊಂದಿಯ ಸುತ್ತಲಿನ ಬೆಟ್ಟಗಳಲ್ಲಿ ಯಾವುದು ಯಾವುದೆಂದು ಬೆರಳಿಟ್ಟು ತೋರಿಸುವ ಜನರಿಗೆ, ಭೂಪಟಕ್ಕೂ ಮಾಯೆಗೂ ಇರುವ ನಂಟನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಿರಣ್ಯಕಶಿಪುವಿನ ವರವೂ ಹೀಗೇ. ಹಗಲಲ್ಲ, ರಾತ್ರಿಯಲ್ಲ, ಒಳಗಲ್ಲ, ಹೊರಗಲ್ಲ, ಮನುಷ್ಯನಲ್ಲ, ಮೃಗವಲ್ಲ. ಷರತ್ತೆಲ್ಲ ಮೊದಲೇ ಕೇಳುಗನ ಮುಂದಿವೆ. ಕೊನೆಗೆ ಸಿಗುವ ಸಂದಿಯೂ ಆ ಷರತ್ತುಗಳ ನಡುವೆಯೇ ಇದೆ. ಹೊರಗಿನಿಂದ ಹೊಸ ಅಸ್ತ್ರವೇನೂ ಬರುವುದಿಲ್ಲ.

ಆದ್ದರಿಂದ ಫ್ಯಾಂಟಸಿ ಓದುವವರು ಪುಸ್ತಕದೊಳಗೆ ಒಂದು ಚೀಟಿ ಇಟ್ಟುಕೊಳ್ಳಬೇಕು. ಮಾಯೆಯ ನಿಯಮವೊಂದು ಮೊದಲ ಸಲ ಬಂದ ಪುಟದ ಸಂಖ್ಯೆ ಬರೆದು, ಅದರ ಮುಂದೆ ಮೂರು ವಿಷಯ ಗುರುತು ಮಾಡಿದರೆ ಸಾಕು: ಅದನ್ನು ಯಾರು ಬಳಸಬಲ್ಲರು, ಬಳಸಿದರೆ ಏನು ಕಳೆದುಕೊಳ್ಳುತ್ತಾರೆ, ಎಲ್ಲಿ ಅದು ನಡೆಯುವುದಿಲ್ಲ. ಐನೂರು ಪುಟದ ಕಾದಂಬರಿಗೆ ಎಂಟು ಹತ್ತು ಸಾಲು ಆಗುತ್ತದೆ, ಅಷ್ಟೇ. ಕೊನೆಯ ಯುದ್ಧದಲ್ಲಿ ಚೀಟಿಯಲ್ಲಿ ಇಲ್ಲದ ನಿಯಮವೊಂದು ನಾಯಕನನ್ನು ಉಳಿಸಿದರೆ, ಲೇಖಕರು ಸೋತಿದ್ದಾರೆ. ಬೆಲೆಯ ಕಾಲಂ ಖಾಲಿ ಇದ್ದರೂ ಅಷ್ಟೇ. ಬೆಲೆಯಿಲ್ಲದ ಮಾಯೆ ಇರುವ ಲೋಕದಲ್ಲಿ ಯಾರೂ ಯಾಕೆ ಹಸಿಯುತ್ತಾರೆ, ಯಾಕೆ ಹೊಲ ಉಳುತ್ತಾರೆ ಎಂಬುದಕ್ಕೆ ಉತ್ತರವೇ ಇರುವುದಿಲ್ಲ.

ಹಸಿವಿನ ಮಾತು ಬಂದಿದ್ದಕ್ಕೆ ಸೈನ್ಯದ ವಿಷಯ. ಸೈನ್ಯದ ಊಟದ ಲೆಕ್ಕ ತಪ್ಪಿರುವ ಫ್ಯಾಂಟಸಿ ಕಾದಂಬರಿಗಳು ಬಹಳ. ಈ ಲೆಕ್ಕ ಕಲಿಯಲು ರಾಯಚೂರಿಗಿಂತ ಒಳ್ಳೆಯ ಜಾಗ ಇಲ್ಲ. 1520ರ ರಾಯಚೂರು ಯುದ್ಧಕ್ಕೆ ಕೃಷ್ಣದೇವರಾಯ ಹೊರಡಿಸಿದ ಸೈನ್ಯವನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಹೀಗೆ ಎಣಿಸುತ್ತಾನೆ: 7,03,000 ಕಾಲಾಳು, 32,600 ಕುದುರೆ, 551 ಆನೆ. ಈಗ ಕೂತು ಗುಣಿಸಿ. ಒಬ್ಬ ಆಳಿಗೆ ದಿನಕ್ಕೆ 700 ಗ್ರಾಂ ಧಾನ್ಯ ಅಂದರೆ ಕಾಲಾಳುಗಳಿಗಷ್ಟೇ ದಿನಕ್ಕೆ 490 ಟನ್. ಎತ್ತಿನ ಗಾಡಿಗೆ 500 ಕೆ.ಜಿ. ಹೇರಿದರೆ ದಿನಕ್ಕೆ ಒಂದು ಸಾವಿರ ಗಾಡಿ. ಗಾಡಿ, ಎತ್ತು, ನಡುವಿನ ಅಂತರ ಸೇರಿ ಏಳೆಂಟು ಮೀಟರ್ ಅಂದರೂ ಆ ಸಾಲು ಏಳೆಂಟು ಕಿ.ಮೀ. ಉದ್ದ. ಅದೂ ಒಂದು ದಿನದ ಊಟಕ್ಕೆ. ಕುದುರೆ ಆನೆಗಳ ಮೇವು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಎತ್ತುಗಳ ಹೊಟ್ಟೆಯ ಲೆಕ್ಕ ಇನ್ನೂ ಬಿಗಿ. ದಾರಿಯಲ್ಲಿ ಹುಲ್ಲು ಸಿಗದಿದ್ದರೆ ಒಂದು ಜೋಡಿ ಎತ್ತು ದಿನಕ್ಕೆ ಸುಮಾರು 20 ಕೆ.ಜಿ. ಒಣಮೇವು ತಿನ್ನುತ್ತದೆ. 500 ಕೆ.ಜಿ. ಹೇರಿದ ಗಾಡಿ 25 ದಿನಕ್ಕೆ ತನ್ನ ಹೇರನ್ನು ತಾನೇ ತಿಂದು ಮುಗಿಸುತ್ತದೆ. ತಿರುಗಿ ಬರುವುದೂ ಇದ್ದರೆ ಹನ್ನೆರಡು ದಿನದ ದಾರಿಯೇ ಗಡಿ. ಅಷ್ಟು ದೂರ ಹೋದ ಗಾಡಿ ಸೈನಿಕನಿಗೆ ಒಂದು ಹಿಡಿ ಕಾಳನ್ನೂ ಕೊಡಲಾರದು. ಹೊಳೆ ಬಿಟ್ಟು ಸೈನ್ಯಗಳು ದೂರ ಹೋಗದಿದ್ದುದು, ಸುಗ್ಗಿ ನೋಡಿ ದಂಡು ಹೊರಡುತ್ತಿದ್ದುದು, ದಾರಿಯ ಊರುಗಳು ಸುಲಿಗೆಯಾಗುತ್ತಿದ್ದುದು ಇದರಿಂದಲೇ. ಮೊಗಲ ದಂಡು ದಖನ್ನಿಗೆ ಬಂದ ಕಾಲದಲ್ಲಿ ಹೇರೆತ್ತುಗಳ ಮೇಲೆ ಧಾನ್ಯ ತಂದು ಪೂರೈಸುತ್ತಿದ್ದವರು ಬಂಜಾರರು. ಎತ್ತುಗಳು ದಾರಿಯುದ್ದಕ್ಕೂ ಮೇಯುತ್ತಾ ನಡೆಯುತ್ತಿದ್ದುದರಿಂದ ಹೇರು ಹಾಗೇ ಉಳಿಯುತ್ತಿತ್ತು. ನಮ್ಮ ಭಾಗದ ಜಿಲ್ಲೆಗಳಲ್ಲಿ ಈಗಲೂ ಅವರ ತಾಂಡಾಗಳಿವೆ. ಕಾದಂಬರಿಯ ರಾಜ ಮರುಭೂಮಿ ದಾಟಿ ಲಕ್ಷ ಜನರೊಂದಿಗೆ ಬಂದು ನಿಂತಾಗ, ಅವನ ಬಂಜಾರರು ಎಲ್ಲಿ ಎಂದು ಕೇಳಿ. ಉತ್ತರ ಕೊಡುವ ಲೇಖಕರು ಕೆಲವರೇ, ಆದರೆ ಅಂಥವರ ಪುಸ್ತಕ ಎರಡನೇ ಸಲ ಓದಿದಾಗಲೂ ಗಟ್ಟಿಯಾಗಿಯೇ ಇರುತ್ತದೆ.

ಲೋಕ ಕಟ್ಟುವ ಕೌಶಲದ ಒಂದು ಮಾದರಿ ರಾಯಚೂರು ಕೋಟೆಯ ಗೋಡೆಯಲ್ಲೇ ಇದೆ. 1294ರ ಶಾಸನವಿರುವ ಒಂದು ಬೃಹತ್ ಕಲ್ಲು, ಸುಮಾರು 41 ಅಡಿ ಉದ್ದ. ನೋಡಿದವರಿಗೆ ತಕ್ಷಣ ಬರುವ ಪ್ರಶ್ನೆ: ಇದನ್ನು ಇಲ್ಲಿಗೆ ಹೇಗೆ ತಂದರು? ಉತ್ತರವನ್ನು ಗೋಡೆಯಲ್ಲೇ ಕೆತ್ತಿದ್ದಾರೆ. ಸಾಲು ಸಾಲು ಜಾನುವಾರು ಎಳೆಯುವ ಗಾಡಿಯ ಮೇಲೆ ಕಲ್ಲು ಬರುತ್ತಿರುವ ಚಿತ್ರ. ದೊಡ್ಡದನ್ನು ತೋರಿಸುವುದು, ಅದು ಬಂದ ಬಗೆಯನ್ನು ಓರೆಯಲ್ಲಿ ಚಿಕ್ಕದಾಗಿ ಹೇಳುವುದು. ಪುಟಗಟ್ಟಲೆ ಇತಿಹಾಸ ಒದರುವ ಲೇಖಕರು ಈ ಗೋಡೆಯ ಮುಂದೆ ಒಂದು ಗಂಟೆ ಕೂರಬೇಕು.

ವೈಜ್ಞಾನಿಕ ಕಾದಂಬರಿಗೆ ಬಂದರೆ ಲೆಕ್ಕ ಇನ್ನಷ್ಟು ನೇರ. ಒಂದು ಅಸಾಧ್ಯವನ್ನು ಲೇಖಕರಿಗೆ ಬಿಟ್ಟುಕೊಡಬೇಕು, ಎರಡನೆಯದಕ್ಕೆ ಕಾರಣ ಕೇಳಬೇಕು. ಇದು ನಾನು ಪಾಲಿಸುವ ಕಟ್ಟಳೆ. ಜೂಲ್ಸ್ ವರ್ನ್ 1865ರ ಕಾದಂಬರಿಯಲ್ಲಿ ಮನುಷ್ಯರನ್ನು ಫಿರಂಗಿಯಿಂದ ಚಂದ್ರನತ್ತ ಹಾರಿಸುತ್ತಾನೆ. ಫಿರಂಗಿಯ ನಳಿಕೆ 900 ಅಡಿ. ಅದರೊಳಗೇ ಗುಂಡು ಸೆಕೆಂಡಿಗೆ ಸುಮಾರು 11 ಕಿ.ಮೀ. ವೇಗ ಪಡೆಯಬೇಕು. ಪಿ.ಯು.ಸಿ.ಯಲ್ಲಿ ಕಲಿತ ಸೂತ್ರ ಸಾಕು: ವೇಗದ ವರ್ಗವನ್ನು ದೂರದ ಎರಡು ಪಟ್ಟಿನಿಂದ ಭಾಗಿಸಿ. ಬರುವ ಉತ್ತರ ಭೂಮಿಯ ಗುರುತ್ವದ 22,000 ಪಟ್ಟು. 60 ಕೆ.ಜಿ.ಯ ಮನುಷ್ಯ ಆ ಕ್ಷಣ 1,300 ಟನ್ ತೂಗುತ್ತಾನೆ. ವರ್ನ್‌ಗೂ ಅಳುಕಿತ್ತು, ಅದಕ್ಕೇ ಕಾಲಡಿ ನೀರಿನ ಮೆತ್ತೆ ಇಟ್ಟ. ಅದು ಏನೇನೂ ಸಾಲದು. ಆದರೆ ಅದೇ ಪುಸ್ತಕದಲ್ಲಿ ಹಾರಿಸುವ ಜಾಗವನ್ನು ಅಕ್ಷಾಂಶದ ಲೆಕ್ಕ ಹಾಕಿ ಫ್ಲೋರಿಡಾದಲ್ಲಿ ಇಡುತ್ತಾನೆ. ನೂರು ವರ್ಷದ ಮೇಲೆ ಚಂದ್ರನಿಗೆ ನಿಜವಾದ ಗಗನನೌಕೆ ಹೊರಟಿದ್ದೂ ಅದೇ ರಾಜ್ಯದಿಂದ. ತಪ್ಪಿದ್ದೆಲ್ಲಿ, ಸರಿಹೋದದ್ದೆಲ್ಲಿ ಎಂದು ಬಿಡಿಸಿ ನೋಡಿದಾಗಲೇ ಆ ಪುಸ್ತಕದ ರುಚಿ ತಿಳಿಯುವುದು.

ಓದುಗರ ಲೆಕ್ಕ ಲೇಖಕರನ್ನೇ ತಿದ್ದಿದ ಉದಾಹರಣೆಯೂ ಇದೆ. ಲ್ಯಾರಿ ನಿವೆನ್ 1970ರಲ್ಲಿ ದೂರದ ಒಂದು ನಕ್ಷತ್ರದ ಸುತ್ತ ಬಳೆಯಂತೆ ಕಟ್ಟಿದ ಲೋಕವೊಂದರ ಕಾದಂಬರಿ ಬರೆದ. ಮೊದಲ ಮುದ್ರಣದಲ್ಲಿ ಭೂಮಿಯೇ ಉಲ್ಟಾ ತಿರುಗುತ್ತಿತ್ತು. ಅದಕ್ಕಿಂತ ದೊಡ್ಡ ದೋಷ, ಅಂಥ ಬಳೆ ಸ್ವಲ್ಪ ಸರಿದರೂ ತಾನಾಗಿ ಮೊದಲಿನ ಜಾಗಕ್ಕೆ ಬರುವುದಿಲ್ಲ, ಇನ್ನಷ್ಟು ಜಾರಿ ಆ ನಕ್ಷತ್ರಕ್ಕೆ ಬಡಿಯುತ್ತದೆ. 1971ರಲ್ಲಿ ಬಾಸ್ಟನ್ನಿನಲ್ಲಿ ನಡೆದ ವೈಜ್ಞಾನಿಕ ಕಥೆಗಳ ವಿಶ್ವ ಸಮ್ಮೇಳನದಲ್ಲಿ ವಿದ್ಯಾರ್ಥಿಗಳು ಇದನ್ನೇ ಘೋಷಣೆಯಾಗಿ ಕೂಗಿದರು. ನಿವೆನ್ ಮುಂದಿನ ಭಾಗದಲ್ಲಿ ಬಳೆಯ ಅಂಚಿಗೆ ಅದನ್ನು ಹಿಡಿದಿಡುವ ಎಂಜಿನ್‌ಗಳನ್ನು ಜೋಡಿಸಬೇಕಾಯಿತು. ಓದುಗರು ಲೆಕ್ಕ ಹಾಕಿದ್ದು ಪ್ರೀತಿಯಿಂದ. ಪ್ರೀತಿಯಿಲ್ಲದ ಪುಸ್ತಕಕ್ಕೆ ಯಾರೂ ಅಷ್ಟು ಕಷ್ಟಪಡುವುದಿಲ್ಲ.

ಎಲ್ಲಕ್ಕಿಂತ ನಮ್ಮ ಭಾಗದ ಓದುಗರಿಗೆ ಹತ್ತಿರವಾದದ್ದು ನೀರು ಮತ್ತು ಬಿಸಿಲು. ಫ್ರಾಂಕ್ ಹರ್ಬರ್ಟ್ 1965ರಲ್ಲಿ ಬರೆದ ‘ಡ್ಯೂನ್’ ಹೆಸರು ಕೇಳಿದವರು ಬಹಳ. ಮರಳೇ ಮರಳಾದ ಗ್ರಹ, ಅಲ್ಲಿನ ಜನ ತೊಡುವ ಒಂದು ಉಡುಪು. ಬೆವರು, ಮೂತ್ರ, ಉಸಿರಿನ ತೇವ ಎಲ್ಲವನ್ನೂ ಹಿಡಿದು ಸೋಸಿ ಮತ್ತೆ ಕುಡಿಯಲು ಕೊಡುತ್ತದೆ. ಬಾಯಿಂದ ಉಸಿರೆಳೆದು ಮೂಗಿನ ಕೊಳವೆಯಿಂದ ಬಿಡಬೇಕು. ಚೆನ್ನಾಗಿ ಕೂತ ಉಡುಪಿನಲ್ಲಿ ದಿನಕ್ಕೆ ಕಳೆದುಹೋಗುವುದು ಹೊಲಿಯುವವರ ಬೆರಳುಟೋಪಿಯಷ್ಟು ನೀರು ಮಾತ್ರ.

ಈ ಉಡುಪಿನ ದೋಷ ಎಲ್ಲಿದೆಯೆಂದು ರಾಯಚೂರಿನ ಯಾವ ಮನೆಯವರಾದರೂ ಏರ್ ಕೂಲರ್ ತೋರಿಸಿ ವಿವರಿಸಬಹುದು. ಕೂಲರ್ ತಂಪು ಕೊಡುವುದು ನೀರು ಆವಿಯಾಗಿ ಹೊರಗೆ ಹೋಗುವುದರಿಂದ. ಕಿಟಕಿ ಎಲ್ಲ ಮುಚ್ಚಿಟ್ಟರೆ ಅರ್ಧ ಗಂಟೆಯಲ್ಲಿ ಕೋಣೆ ಸೆಕೆಗಟ್ಟುತ್ತದೆ, ತಂಪು ನಿಲ್ಲುತ್ತದೆ. ದೇಹವೂ ಹಾಗೆಯೇ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 2,400 ಕಿಲೋಜೌಲ್ ಶಾಖ ದೇಹದಿಂದ ಹೋಗುತ್ತದೆ. ನಡೆಯುವ ಮನುಷ್ಯ ಸುಮಾರು 300 ವ್ಯಾಟ್ ಶಾಖ ಹುಟ್ಟಿಸುತ್ತಾನೆ ಅಂದುಕೊಂಡರೆ ಗಂಟೆಗೆ 450 ಮಿಲಿಲೀಟರ್‌ನಷ್ಟು ಬೆವರು ಆವಿಯಾಗಲೇಬೇಕು. ಆ ಆವಿಯನ್ನು ಉಡುಪಿನೊಳಗೇ ಮತ್ತೆ ನೀರು ಮಾಡಿದರೆ ಅಷ್ಟೂ ಶಾಖ ಮೈಗೇ ತಿರುಗಿ ಬರುತ್ತದೆ. ಒಳಗಿನವನು ಬೆಂದುಹೋಗುತ್ತಾನೆ. ಹರ್ಬರ್ಟ್ ಶಾಖ ಹೊರಗೆ ಸಾಗಿಸುವ ತಂತುಗಳ ಮಾತು ಹೇಳಿ ಮುಂದೆ ಹೋಗುತ್ತಾನೆ. ಮೈಗಿಂತ ಬಿಸಿಯಾದ ಗಾಳಿಗೆ ಶಾಖ ತಾನಾಗಿ ಹರಿಯುವುದಿಲ್ಲ.

ಇಷ್ಟಾದರೂ ಆ ಪುಸ್ತಕ ಗೆಲ್ಲುತ್ತದೆ. ಕಾರಣ, ಬಿಟ್ಟುಕೊಟ್ಟ ಆ ಒಂದು ಅಸಾಧ್ಯದಿಂದ ಮಿಕ್ಕಿದ್ದೆಲ್ಲ ಸರಿಯಾಗಿ ಹುಟ್ಟುತ್ತದೆ. ಸತ್ತವನ ದೇಹದ ನೀರು ಸಮುದಾಯಕ್ಕೆ ಸೇರುತ್ತದೆ. ಉಗುಳುವುದು ಗೌರವ, ಯಾಕೆಂದರೆ ನೀರು ಕೊಟ್ಟಂತಾಯಿತು. ಸಾಲ, ಮದುವೆ, ದ್ವೇಷ ಎಲ್ಲದರ ಅಳತೆಯೂ ನೀರೇ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹಳ್ಳಿಗಳವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ. 227 ಕಿ.ಮೀ. ಕಾಲುವೆಯಲ್ಲಿ ಮೇಲಿನವರು ಭತ್ತ ಹಾಕಿದರೆ ಕೆಳಗಿನವರ ಹತ್ತಿ, ಮೆಣಸಿನಕಾಯಿಗೆ ಏನಾಗುತ್ತದೆ, ರಾತ್ರಿ ತೂಬಿನ ಬಳಿ ಯಾರು ಮಲಗುತ್ತಾರೆ, ಆ ಸರದಿಯಿಂದ ಎಷ್ಟು ಜಗಳ ಎಷ್ಟು ಸಂಬಂಧ ಹುಟ್ಟುತ್ತದೆ ಎಂಬುದನ್ನು ಬಲ್ಲವರು ‘ಡ್ಯೂನ್’ ಅನ್ನು ಬೇರೆಯವರಿಗಿಂತ ಚೆನ್ನಾಗಿ ಓದಬಲ್ಲರು. ಇದನ್ನು ನಾನು ಪೂರ್ತಿ ನಂಬಿ ಹೇಳುತ್ತಿದ್ದೇನೆ.

ಬಿಸಿಲಿನ ಇನ್ನೊಂದು ಪುಸ್ತಕ ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ 2020ರಲ್ಲಿ ಬರೆದದ್ದು. ಅದು ತೆರೆದುಕೊಳ್ಳುವುದು ಉತ್ತರ ಪ್ರದೇಶದ ಭೀಕರ ಶಾಖದ ಅಲೆಯೊಂದಿಗೆ. ಮೊದಲ ಅಧ್ಯಾಯ ಸರಿಯಾಗಿ ಅರ್ಥವಾಗಬೇಕಾದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಏನು ತೋರಿಸುತ್ತದೆ ಎಂಬುದು ಗೊತ್ತಿರಬೇಕು. ರಾಯಚೂರಿನ 45 ಡಿಗ್ರಿ, ಗಾಳಿಯ ತೇವಾಂಶ ನೂರಕ್ಕೆ 20 ಇದ್ದರೆ, ಒದ್ದೆ ಥರ್ಮಾಮೀಟರ್ ಸುಮಾರು 26 ತೋರಿಸುತ್ತದೆ. ನೆರಳು, ನೀರು, ಕೂಲರ್ ಇದ್ದರೆ ಜೀವ ತಡೆದೀತು. ಅದೇ 38 ಡಿಗ್ರಿ, ತೇವಾಂಶ 80 ಅಂದರೆ ಒದ್ದೆ ಥರ್ಮಾಮೀಟರ್ 35ರ ಹತ್ತಿರ. ಅಲ್ಲಿ ಎಷ್ಟು ಬೆವರಿದರೂ ಮೈ ತಣ್ಣಗಾಗುವುದಿಲ್ಲ. ಆರೋಗ್ಯವಂತ ಮನುಷ್ಯ ಕೂಡ ಕೆಲವು ತಾಸಿಗಿಂತ ಹೆಚ್ಚು ತಾಳಲಾರ. ಅಂಕಿ ಕಡಿಮೆ ಇರುವ ಊರೇ ಹೆಚ್ಚು ಅಪಾಯದ್ದು ಎಂಬ ಈ ತಿರುವು ಗೊತ್ತಿಲ್ಲದವರಿಗೆ ಆ ಅಧ್ಯಾಯ ಬರೀ ದುರಂತವಾಗಿ ಕಾಣುತ್ತದೆ, ಅದರ ಬಿಗಿ ಕೈಗೆ ಸಿಗುವುದಿಲ್ಲ.

ಕಾದಂಬರಿಗೆ ವಸ್ತು ಬೇಕಾದವರು ಅಣೆಕಟ್ಟನ್ನೇ ನೋಡಬಹುದು. ತುಂಗಭದ್ರೆಗೆ 33 ಕ್ರಸ್ಟ್ ಗೇಟ್. 2024ರ ಆಗಸ್ಟ್‌ನಲ್ಲಿ 19ನೆಯ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹರಿಯುವ ನೀರಿನ ಮೇಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆತುಂಡುಗಳನ್ನು ಇಳಿಸಿ ತಡೆದರು. ಕರ್ನಾಟಕದಲ್ಲೇ ನಾಲ್ಕು ಜಿಲ್ಲೆಯ ಬೆಳೆ ಒಂದು ಚೈನಿಗೆ ಕಟ್ಟಿಬಿದ್ದಿತ್ತು. ಇನ್ನೊಂದು ನಿಧಾನದ ಕಥೆ ಹೂಳಿನದು. ಕಟ್ಟಿದಾಗ 133 ಟಿ.ಎಂ.ಸಿ. ಹಿಡಿಯುತ್ತಿದ್ದದ್ದು ಈಗ 105.8ರ ಆಸುಪಾಸು. ಇದೇ ವೇಗದಲ್ಲಿ ತುಂಬಿದರೆ 50ಕ್ಕೆ ಇಳಿಯಲು ಇನ್ನೂ ನೂರ ಮೂವತ್ತು ವರ್ಷದಷ್ಟು ಬೇಕು. ಅಂದರೆ ಐದು ತಲೆಮಾರು. ಗಂಗಾವತಿಯ ಅಕ್ಕಿ ಗಿರಣಿಗಳು ಎಷ್ಟನೇ ತಲೆಮಾರಿನಲ್ಲಿ ಮುಚ್ಚುತ್ತವೆ, ಅಷ್ಟರಲ್ಲಿ ಜನ ಯಾವ ಬೆಳೆಗೆ ಹೊರಳಿರುತ್ತಾರೆ ಎಂದು ಲೆಕ್ಕ ಹಾಕುತ್ತಾ ಹೋದರೆ ಅದೇ ವೈಜ್ಞಾನಿಕ ಕಾದಂಬರಿ. ರಾಕೆಟ್ ಬೇಕಾಗಿಲ್ಲ.

ಇನ್ನು ಭಾಷೆ. ಈ ಪುಸ್ತಕಗಳನ್ನು ಕೈಬಿಡುವವರು ಹೆಚ್ಚಾಗಿ ಮೊದಲ ಐವತ್ತು ಪುಟದಲ್ಲೇ ಬಿಡುತ್ತಾರೆ. ಕಾರಣ ಗೊತ್ತಿಲ್ಲದ ಹೆಸರುಗಳು, ಸೃಷ್ಟಿಸಿದ ಪದಗಳು. ಪ್ರತಿ ಪದಕ್ಕೂ ಹಿಂದಿನ ಪದಕೋಶ ತಿರುಗಿಸಿದರೆ ಓದು ಸಾಗುವುದಿಲ್ಲ. ಪದ ಮೂರು ಸಲ ಬರುವವರೆಗೆ ಸುಮ್ಮನೆ ಮುಂದೆ ಹೋಗಿ. ಮೂರನೇ ಸಲಕ್ಕೂ ಅರ್ಥ ಹೊಳೆಯದಿದ್ದರೆ ಮಾತ್ರ ನೋಡಿ. ಬಳ್ಳಾರಿಯ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಉಸಿರಿಗೆ ಕೇಳಿ ವ್ಯಾಪಾರ ಮಾಡುವವರಿಗೆ ಇದು ಕಷ್ಟವೇ ಅಲ್ಲ. ಅರ್ಧ ಗೊತ್ತಿರುವ ಪದಗಳ ನಡುವೆ ಕೆಲಸ ಮಾಡುವುದು ಅವರಿಗೆ ದಿನದ ಅಭ್ಯಾಸ. ಹೆಸರುಗಳಿಗೆ ಮಾತ್ರ ವಂಶವೃಕ್ಷ ಬರೆದುಕೊಳ್ಳಿ, ಮಹಾಭಾರತ ಓದುವಾಗ ಮಾಡುವಂತೆ.

ಎಲ್ಲಿಂದ ಶುರು ಮಾಡಬೇಕು ಎಂದು ಕೇಳುವವರಿಗೆ ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ ಕಾಲಯಂತ್ರದ ಕಿರುಕಾದಂಬರಿ. ಎರಡು ಸಂಜೆಗೆ ಮುಗಿಯುತ್ತದೆ, ಕ್ರಿ.ಶ. 8,02,701ಕ್ಕೆ ಒಯ್ಯುತ್ತದೆ, ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಂತರ್ಜಾಲದಲ್ಲಿ ಉಚಿತ. ವರ್ನ್‌ನ ಉಚಿತ ಇಂಗ್ಲಿಷ್ ಪ್ರತಿಗಳ ಬಗ್ಗೆ ಮಾತ್ರ ಎಚ್ಚರ. ಹತ್ತೊಂಬತ್ತನೇ ಶತಮಾನದ ಅನುವಾದಕರು ಅವನ ವಿಜ್ಞಾನದ ಭಾಗಗಳನ್ನೇ ಕತ್ತರಿಸಿದ್ದಾರೆ, ಅಂಕಿಗಳನ್ನೂ ಕೆಡಿಸಿದ್ದಾರೆ. ಹೊಸ ಅನುವಾದ ಹುಡುಕಿ. ಹತ್ತು ಸಂಪುಟದ ಸರಣಿಯಿಂದ ಖಂಡಿತ ಶುರು ಮಾಡಬೇಡಿ.

ಕನ್ನಡಕ್ಕೆ ತರುವವರ ಮುಂದೆ ಬರುವ ಒಂದು ತೊಡಕು ನನಗೆ ತುಂಬಾ ಇಷ್ಟ. ಉರ್ಸುಲಾ ಲೆ ಗ್ವಿನ್ 1969ರ ಕಾದಂಬರಿಯೊಂದರಲ್ಲಿ ಹೆಣ್ಣು ಗಂಡೆಂಬ ಸ್ಥಿರ ಭೇದವಿಲ್ಲದ ಜನರ ಲೋಕ ಕಟ್ಟಿದರು. ಇಂಗ್ಲಿಷಿನಲ್ಲಿ ಅವರನ್ನು ಗಂಡಸಿನ ಸರ್ವನಾಮದಲ್ಲೇ ಕರೆದರು, ಅದಕ್ಕೆ ಆಕ್ಷೇಪವೂ ಬಂತು. ಕನ್ನಡದಲ್ಲಿ ಸರ್ವನಾಮ ಬಿಟ್ಟರೂ ಕ್ರಿಯಾಪದ ಬಿಡುವುದಿಲ್ಲ: ಬಂದನೋ, ಬಂದಳೋ, ಬಂತೋ? ‘ಬಂದರು’ ಎನ್ನುವ ಬಾಗಿಲು ನಮಗೆ ತೆರೆದಿದೆ. ಅದರಲ್ಲಿ ಲಿಂಗ ಇಲ್ಲ. ಆದರೆ ಅದರ ಜೊತೆ ಗೌರವ ಬಂದು ಕೂರುತ್ತದೆ. ರಾಜನಿಗೂ ವೈರಿಗೂ ಕಳ್ಳನಿಗೂ ‘ಬಂದರು’ ಎಂದರೆ ಲೋಕದ ಏರುಪೇರೇ ಅಳಿಸಿಹೋಗುತ್ತದೆ. ಕೂಸಿಗೆ ‘ಬಂತು’ ಅನ್ನುತ್ತೇವಲ್ಲ, ಆ ಅಕ್ಕರೆಯ ನಪುಂಸಕವನ್ನು ಬೆಳೆದವರಿಗೂ ಚಾಚಬಹುದೇ? ರೋಬಾಟ್ ಕಥೆಗಳಲ್ಲಿ ಇದೇ ವರವಾಗುತ್ತದೆ. ಇನ್ನೂರು ಪುಟ ‘ಹೇಳಿತು, ನಡೆಯಿತು’ ಎಂದು ಬರುತ್ತಿದ್ದ ಯಂತ್ರಕ್ಕೆ ಒಂದು ಸಾಲಿನಲ್ಲಿ ‘ಹೇಳಿದ’ ಎಂದು ಬರೆದರೆ ಸಾಕು. ಇಡೀ ಕಾದಂಬರಿಯ ತಿರುವನ್ನು ಕನ್ನಡ ಒಂದು ಪ್ರತ್ಯಯದಲ್ಲಿ ಇಡಬಲ್ಲದು. ಇಂಥ ಕಡೆ ಅನುವಾದಕರು ಅವಸರ ಮಾಡಿದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಕುಡತಿನಿಯ ಮಾತು ಇನ್ನೂ ಸ್ವಲ್ಪ ಉಳಿದಿದೆ. ಬೂದಿಗುಡ್ಡದ ಅದೇ ಊರಿನಲ್ಲಿ ಈಗ 1,700 ಮೆಗಾವ್ಯಾಟ್‌ನ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇದೆ. ಒಂದು ಯೂನಿಟ್ ವಿದ್ಯುತ್ತಿಗೆ 600 ಗ್ರಾಂ ಕಲ್ಲಿದ್ದಲು ಅಂದುಕೊಂಡರೆ, ಮೂರೂ ಘಟಕ ಪೂರ್ತಿ ಓಡಿದ ದಿನ 24,000 ಟನ್‌ಗೂ ಹೆಚ್ಚು ಉರಿಯುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಬೂದಿ. ದಿನಕ್ಕೆ ಎಂಟು ಸಾವಿರ ಟನ್. ಸಿಮೆಂಟಿಗೆ, ಇಟ್ಟಿಗೆಗೆ ಹೋಗಿ ಉಳಿದದ್ದು ಹೊಂಡ ಸೇರುತ್ತದೆ. ನಾಲ್ಕು ಸಾವಿರ ವರ್ಷದ ಮೇಲೆ ಯಾರಾದರೂ ಅಗೆದರೆ ಒಂದೇ ಊರಿನಲ್ಲಿ ಎರಡು ಬೂದಿ ಸಿಗುತ್ತದೆ. ಭೂತಗನ್ನಡಿಯ ಕೆಳಗೆ ಬೇರ್ಪಡಿಸುವುದು ಸುಲಭ: ಸಗಣಿಯ ಬೂದಿಯಲ್ಲಿ ಹುಲ್ಲಿನ ಸಿಲಿಕಾ ಕಣಗಳು ಹುಲ್ಲಿನ ಆಕಾರದಲ್ಲೇ ಇರುತ್ತವೆ, ಕಲ್ಲಿದ್ದಲಿನ ಬೂದಿಯಲ್ಲಿ ಗಾಜಿನ ಸಣ್ಣ ಸಣ್ಣ ಗುಂಡುಗಳು. ಅಗೆಯುವವರಿಗೆ ಅಷ್ಟು ತಿಳಿಯುತ್ತದೆ. ಅಲ್ಲಿ ದನ ಕಾಯುತ್ತಾ ಬೆಳೆದ ಜನ ಆ ಎರಡನೇ ರಾಶಿಯ ಮೇಲೆ ಯಾರ ಚಿತೆ ಕಟ್ಟಿರುತ್ತಾರೆ, ಅವನಿಗೆ ಯಾವ ವರ ಯಾವ ಶಾಪ ಕೊಟ್ಟಿರುತ್ತಾರೆ ಎಂಬ ಕಾದಂಬರಿಯನ್ನು ಕುಡತಿನಿಯ ಯಾರಾದರೂ ಬರೆಯಲಿ. ಚೀಟಿ ಇಟ್ಟುಕೊಂಡು, ಲೆಕ್ಕ ಕೇಳುತ್ತಾ ಓದುತ್ತೇನೆ.